ಭಾಲ್ಕಿಗೆ ಕೊಟ್ಟ ಐದು, ಒಂಬತ್ತು, ಒಂಬತ್ತು

ನನಗೆ ಕೂತಲ್ಲಿ ಕೂರುವ ಗುಣವಿಲ್ಲ. ಊಟಕ್ಕೆ ಕೂತರೂ ನಡುವೆ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ. ಬೀದರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೆ ಇದೇನೂ ದೊಡ್ಡ ದೋಷವಲ್ಲ. ಕೈ ಸುಮ್ಮನಿರದಿದ್ದರೆ ಕೆಲಸವಾದರೂ ಸಾಗುತ್ತದೆ. ಆದರೆ ಭಾನುವಾರ ಬೆಳಿಗ್ಗೆ ಆರೂವರೆಗೆ ಮಾತ್ರ ಊರಂಚಿನ ಚಿದ್ರಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮುಕ್ಕಾಲು ಗಂಟೆ ಅಲುಗಾಡದೆ ಕೂರುತ್ತಿದ್ದೆ. ವಾರಕ್ಕೊಮ್ಮೆಯಾದರೂ ಗಂಡ ಎಲ್ಲಿದ್ದಾನೆಂದು ಹುಡುಕುವ ಕೆಲಸ ತಪ್ಪಿತು ಎಂದು ಹೆಂಡತಿ ನಗುತ್ತಿದ್ದಳು.

ನಾವು ಮೂವರು. ಬೀದರಿನಲ್ಲಿ ನಾನು. ಔರಾದಿನಲ್ಲಿ ಒಬ್ಬ ಟೀಚರ್, ಎಕಂಬಾದ ಶಾಲೆಯಲ್ಲಿ ವಿಜ್ಞಾನ ಕಲಿಸುವವರು. ಭಾಲ್ಕಿಯಲ್ಲಿ ಉಸ್ತಾದ್. ತಂತಿ ಕಳಿಸುವ ತಾರ್ ಆಫೀಸಿನಿಂದ ನಿವೃತ್ತರಾಗಿ, ನಮ್ಮಿಬ್ಬರಿಗೂ ಮೋರ್ಸ್ ಕಲಿಸಿದವರು ಅವರು. ಮೂವರೂ ಪರೀಕ್ಷೆ ಬರೆದು ಹವ್ಯಾಸಿಗಳ ಹ್ಯಾಮ್ ರೇಡಿಯೊ ಲೈಸೆನ್ಸ್ ತೆಗೆದುಕೊಂಡಿದ್ದೇವೆ. ನಮ್ಮ ಸೆಟ್ಟುಗಳು ಊಟದ ಡಬ್ಬಿಯಷ್ಟು. ಹೊರಬೀಳುವ ಶಕ್ತಿ ಮೂರು ವಾಟ್, ಮಲಗುವ ಕೋಣೆಯ ಜೀರೋ ಬಲ್ಬಿಗೂ ಅದು ಸಾಲದು. ಆದರೂ ಒಂದು ಬ್ಯಾಟರಿ ಇದ್ದರೆ ಕರೆಂಟು ಬೇಡ, ಟವರ್ ಬೇಡ. ಮಾಳಿಗೆಯ ಮೇಲಿನ ತಂತಿಯಿಂದ ಚುಕ್ಕೆ, ಗೆರೆ ಹೊರಟು ಭಾಲ್ಕಿಯನ್ನೂ ಔರಾದನ್ನೂ ಮುಟ್ಟುತ್ತವೆ. ಅಕ್ಷರ ಇಂಗ್ಲಿಷಿನವು, ಮಾತು ಅರ್ಧ ಕನ್ನಡ, ಅರ್ಧ ಉರ್ದು. ಮಳೆಗಾಲದಲ್ಲಿ ಫೋನ್ ಸತ್ತು ರಸ್ತೆ ಮುಚ್ಚಿದಾಗ ಒಂದು ಸುದ್ದಿ ಆ ಊರಿಂದ ಈ ಊರಿಗೆ ತಪ್ಪಿಲ್ಲದೆ ಬರಬೇಕು. ಅದಕ್ಕಾಗಿಯೇ ಈ ವಾರವಾರದ ರೂಢಿ.

ಇದರಲ್ಲೊಂದು ಪದ್ಧತಿಯಿದೆ. ಒಬ್ಬರು ಕಳಿಸಿದ್ದು ಹೇಗೆ ಕೇಳಿಸಿತು ಎಂದು ಇನ್ನೊಬ್ಬರು ಮೂರು ಅಂಕಿಗಳಲ್ಲಿ ಹೇಳಬೇಕು. ಮೊದಲನೆಯದು ಓದಲು ಎಷ್ಟು ಬಂತು ಎಂಬುದು, ಐದಕ್ಕೆ ಇಷ್ಟು. ಉಳಿದೆರಡು ದನಿಯ ಜೋರು ಮತ್ತು ಶುದ್ಧಿ, ಒಂಬತ್ತಕ್ಕೆ ಇಷ್ಟು. ಐದು, ಒಂಬತ್ತು, ಒಂಬತ್ತು ಅಂದರೆ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳಿಸಿತು ಎಂದರ್ಥ. ಆದರೆ ಹ್ಯಾಮುಗಳು ಇದನ್ನು ನಮಸ್ಕಾರದ ಬದಲಿಗೆ ಬಳಸುತ್ತಾರೆ. ಕೇಳಿಸಲಿ ಬಿಡಲಿ, ಐದು ಒಂಬತ್ತು ಒಂಬತ್ತು. ಮದುವೆ ಮನೆಯಲ್ಲಿ ಅಡುಗೆ ಹೇಗಿತ್ತೆಂದು ಕೇಳಿದರೆ ಯಾರೂ ಉಪ್ಪು ಕಡಿಮೆ ಅನ್ನುವುದಿಲ್ಲವಲ್ಲ, ಹಾಗೆ. ಔರಾದಿನ ಟೀಚರ್ ಒಬ್ಬರೇ ಇದಕ್ಕೆ ಹೊರತು. ಒಮ್ಮೆ ನನಗೆ ಮೂರು, ಮೂರು, ಒಂಬತ್ತು ಕೊಟ್ಟರು. ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ. ಮೂರನೆಯ ದಿನ ಮಾಳಿಗೆ ಹತ್ತಿ ನೋಡಿದರೆ ತಂತಿಯ ಬೆಸುಗೆ ಬಿಟ್ಟಿತ್ತು.

ಸಂಕ್ರಾಂತಿ ಕಳೆದ ಮೇಲೆ ಉಸ್ತಾದರ ಕೈ ಕೆಟ್ಟಿತು. ಮೊದಮೊದಲು ಗೆರೆಯೊಂದು ನಡುವೆ ಒಡೆದು ಎರಡು ಚುಕ್ಕೆಯಾಗುತ್ತಿತ್ತು, ಗದ್ದಲವಿರಬೇಕು ಅಂದುಕೊಂಡೆ. ಆಮೇಲೆ ಒಂದಕ್ಷರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಸುರುವಾಯಿತು ಎಂಬುದೇ ತಿಳಿಯದಾಯಿತು. ಒಮ್ಮೆ ಭಾಲ್ಕಿಗೆ ಹೋದಾಗ ಅವರು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ನಾನು ಗೋಡೆ ನೋಡುತ್ತಾ ಮಳೆ ಬೆಳೆಯ ಮಾತಾಡಿ ಎದ್ದು ಬಂದೆ.

ಬಂದ ಸುದ್ದಿಯನ್ನು ಕಳಿಸಿದವರಿಗೇ ತಿರುಗಿ ಓದಿ ಹೇಳಬೇಕು, ಬರದಿದ್ದರೆ ಇನ್ನೊಮ್ಮೆ ಕೇಳಬೇಕು. ಇದು ಉಸ್ತಾದರೇ ಹಾಕಿಕೊಟ್ಟ ನಿಯಮ. ಟೀಚರ್ ಜೊತೆ ತಪ್ಪದೆ ಪಾಲಿಸುತ್ತಿದ್ದೆ, ಉಸ್ತಾದರ ಜೊತೆ ಬಿಟ್ಟೆ. ಇಡೀ ನೌಕರಿಯಲ್ಲಿ ಇನ್ನೊಮ್ಮೆ ಹೊಡಿ ಅಂತ ತನಗೆ ಯಾರೂ ಅಂದವರಿಲ್ಲ ಎಂದು ಅವರು ನಮ್ಮ ಮುಂದೆ ಎಷ್ಟು ಸಲ ಹೇಳಿದ್ದರೋ. ಆ ಮಾತು ಮುರಿಯುವ ಮೊದಲ ಮನುಷ್ಯ ನಾನೇ ಆಗಬೇಕೆ? ‘ಬಂತು’ ಎನ್ನಲು ಒಂದೇ ಅಕ್ಷರ ಸಾಕು, ಚುಕ್ಕೆ ಗೆರೆ ಚುಕ್ಕೆ. ಅದನ್ನು ಹೊಡೆದು, ಹಿಂದೆಯೇ ಐದು ಒಂಬತ್ತು ಒಂಬತ್ತು ಕೊಟ್ಟು ಮುಗಿಸುತ್ತಿದ್ದೆ. ಅವರ ತಂತಿ ಎರಡು ಗೋಡೆಗಳ ನಡುವೆ ತಗ್ಗಿನಲ್ಲಿರುವುದರಿಂದ ಔರಾದಿಗೆ ಅವರ ದನಿ ಸರಿಯಾಗಿ ಮುಟ್ಟುವುದಿಲ್ಲ. ಭಾಲ್ಕಿಯವರು ಏನಂದರು ಎಂದು ಟೀಚರ್ ಕೇಳಿದರೆ, ಮೋಡ ಇದೆಯಂತೆ, ಕರೆಂಟ್ ಇದೆಯಂತೆ, ಎಲ್ಲಾ ಆರಾಮ ಅನ್ನುತ್ತಿದ್ದೆ. ಎಂಟು ತಿಂಗಳ ಕಾಲ ಭಾಲ್ಕಿಯ ಹವಾಮಾನವನ್ನು ನಾನೇ ತಯಾರಿಸಿದೆ.

ಇದೇನು ಸುಖದ ಕೆಲಸವಾಗಿರಲಿಲ್ಲ. ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಾ ಸುತ್ತಿನ ಎಣಿಕೆ ತಪ್ಪುತ್ತಿತ್ತು. ಎರಡು ಸಲ ಹೇಳಿಯೇ ಬಿಡುತ್ತೇನೆಂದು ಬೈಕ್ ಹತ್ತಿದೆ, ಎರಡೂ ಸಲ ಅರ್ಧ ದಾರಿಯಲ್ಲಿ ಚಹಾ ಕುಡಿದು ಹಿಂದಿರುಗಿದೆ. ಚುಕ್ಕೆ, ಗೆರೆ ಹೊಡೆಯಲು ನಡುಗುವ ಕೈಗೆ ಒಗ್ಗುವ ಬೇರೆ ಕೀಲಿ ಮಾಡಿಕೊಡುವುದು ನನಗೆ ಒಂದು ಸಂಜೆಯ ಕೆಲಸ. ಆದರೆ ಯಾಕೆ ಬೇಕು ಎಂದು ಮೊದಲು ಹೇಳಬೇಕಲ್ಲ. ನಿಜವಾದ ಸುದ್ದಿ ಬಂದ ದಿನ ಏನು ಮಾಡುವೆ ಎಂದು ನನ್ನನ್ನೇ ಕೇಳಿಕೊಂಡು, ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದೆ.

ಆ ದಿನ ಮಳೆಗಾಲದ ಕೊನೆಗೆ ಬಂತು. ಮೂರು ದಿನ ಬಿಡದೆ ಮಳೆ. ಭಾಲ್ಕಿಯ ಫೋನುಗಳೆಲ್ಲ ಮಂಗಳವಾರ ಸತ್ತವು. ಬೀದರ, ಔರಾದಿನವು ಹೇಗೋ ಉಸಿರಾಡುತ್ತಿದ್ದವು. ಇಂಥ ಹೊತ್ತಿನಲ್ಲಿ ದಿನಾ ಬೆಳಿಗ್ಗೆ ಆರೂವರೆಗೆ ಸೆಟ್ ತೆರೆಯಬೇಕೆಂದು ಮೊದಲೇ ಮಾತಾಗಿತ್ತು. ಬುಧವಾರ ಹೆಡ್‌ಫೋನ್ ಹಾಕಿದ ಕೂಡಲೆ ಉಸ್ತಾದರು ಬಂದರು. ದನಿ ಗಟ್ಟಿಯಾಗಿತ್ತು, ಮೂರು ವಾಟ್ ಅಂದರೆ ಯಾರೂ ನಂಬುತ್ತಿರಲಿಲ್ಲ. ಕೈ ಮಾತ್ರ ಹಿಂದೆಂದಿಗಿಂತ ಕೆಟ್ಟಿತ್ತು. ಅವಸರ ಬೇರೆ. ಐದು ನಿಮಿಷ ಹೊಡೆದರು. ನಾನು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಅವರು ನಿಲ್ಲಿಸಿದರು, ನನ್ನ ಉತ್ತರಕ್ಕೆ ಕಾದರು. ನನ್ನ ಕೈ ತಾನಾಗಿಯೇ ಕೀಲಿಯ ಮೇಲೆ ಹೋಗಿ ‘ಬಂತು’ ಅಂದಿತು. ಐದು, ಒಂಬತ್ತು, ಒಂಬತ್ತು ಅಂದಿತು. ಅವರು ವಂದನೆ ಹೇಳಿ ಮುಚ್ಚಿದರು. ಹಾಳೆ ನೋಡಿದೆ: ಅಲ್ಲೊಂದು ಇಲ್ಲೊಂದು ಅಕ್ಷರ, ಒಂದೂ ಇಡಿಯಾದ ಮಾತಿಲ್ಲ.

ಟೀಚರ್ ಫೋನ್ ಮಾಡಿದರು. ಭಾಲ್ಕಿಯವರು ಇವತ್ತು ಬಹಳ ಉದ್ದ ಹೊಡೆದರು, ಏನು ಸುದ್ದಿ ಎಂದು ಕೇಳಿದರು. ಆ ಹೊತ್ತಿಗೆ ಸುಳ್ಳು ಹೊಳೆಯಲಿಲ್ಲ. ತಿಳಿಯಲಿಲ್ಲ ಅಂದೆ.

“ತಿಳೀದಿದ್ರ ‘ಬಂತು’ ಅಂತ ಯಾಕ ಕೊಟ್ರಿ ಸರ್?”

ಭಾಲ್ಕಿಯನ್ನು ತಿರುಗಿ ಕರೆಯಿರಿ ಅಂದರು ಟೀಚರ್. ಕಾಲು ಗಂಟೆ ಕರೆದೆ. ಭಾಲ್ಕಿ ಮೌನ. ಮೌನವಲ್ಲದೆ ಇನ್ನೇನು, ಪೂರ್ತಿ ಅಂಕ ಕೊಟ್ಟು ಮನೆಗೆ ಕಳಿಸಿದವನು ನಾನೇ. ರೇನ್‌ಕೋಟ್ ಹಾಕಿ ಬೈಕ್ ಹತ್ತಿದೆ. ಈ ಸಲ ಚಹಾಕ್ಕೆ ನಿಲ್ಲಲಿಲ್ಲ.

ಭಾಲ್ಕಿಗೆ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್ ಇರುವಾಗ ಹಳ್ಳದ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಈಚೆ ದಡದಲ್ಲಿ ಜೀಪುಗಳು, ಆಟೊಗಳು, ಬೀದರಿನಿಂದ ಬಂದ ಒಂದು ಬಸ್ಸು ಸಾಲಾಗಿ ನಿಂತಿದ್ದವು. ನಸುಕಿನಿಂದಲೇ ಹೀಗಿದೆ, ಆಚೆ ದಡದವರಿಗೆ ಆಗಲೇ ಗೊತ್ತಿತ್ತು ಎಂದು ಕಂಡಕ್ಟರ್ ಹೇಳಿದ. ಬಸ್ಸಿನ ಕಿಟಕಿಯಿಂದ ಯಾರೋ ನನ್ನನ್ನು ಕರೆದರು. ನೋಡಿದರೆ ಚಾಚಿ, ಉಸ್ತಾದರ ಹೆಂಡತಿ. ಬೀದರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಚಿದ್ರಿಯ ಮಗಳ ಮನೆಯಲ್ಲಿದ್ದರು. ನಮ್ಮ ಮನೆಯಿಂದ ಎರಡೇ ಓಣಿ ಹಿಂದೆ. ಅವತ್ತು ಬೆಳಿಗ್ಗೆ ಏಳರ ಬಸ್ಸಿಗೆ ಊರಿಗೆ ಹೊರಟಿದ್ದರು. ಬಸ್ಸಿನ ಛಾವಣಿ ಸೋರಿ ಸೀರೆಯ ಸೆರಗು, ಕಣ್ಣಿನ ಮೇಲಿನ ಬಟ್ಟೆ ಎಲ್ಲಾ ಒದ್ದೆ.

“ಅವ್ರೇ ನಿನಗ ಕಳಸ್ಯಾರಲ್ಲ ಬೇಟಾ? ನನಗ ಗೊತ್ತಿತ್ತು,” ಅಂದರು.

ಉಸ್ತಾದರ ಸುದ್ದಿ ಏನಿತ್ತೆಂದು ಆಗ ತಿಳಿಯಿತು. ಸೇತುವೆ ಮುಳುಗಿದೆ, ಅವಳನ್ನು ಹೊರಡಿಸಬೇಡ. ಇಷ್ಟೇ ಇರಬೇಕು. ಆರೂವರೆಗೆ ಬಂದ ಸುದ್ದಿ, ಏಳರ ಬಸ್ಸು, ಐದು ನಿಮಿಷದ ದಾರಿ. ಹೌದೆಂದೂ ಅಲ್ಲವೆಂದೂ ಆಗುವಂತೆ ತಲೆ ಅಲ್ಲಾಡಿಸಿದೆ. ಬೀದರಿಗೆ ತಿರುಗಿದ್ದ ಒಂದು ಜೀಪಿನಲ್ಲಿ ಚಾಚಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹಿಂದೆ ಬೈಕಿನಲ್ಲಿ ಬಂದೆ. ಸಂಜೆಯೊಳಗೆ ಚಾಚಿಯ ಕಣ್ಣು ಕೆಂಡವಾಯಿತು. ಡಾಕ್ಟರು ಬೈದು, ಗಂಟೆಗೊಂದು ಹನಿ ಹಾಕಲು ಹೇಳಿ, ದೃಷ್ಟಿಯ ಮಾತು ವಾರ ಕಳೆದ ಮೇಲೆ ಅಂದರು. ಭಾಲ್ಕಿಯಿಂದ ಒಂದು ಮಾತು ಬಂದಿದ್ದರೆ ಅಮ್ಮನನ್ನು ಯಾರು ಕಳಿಸುತ್ತಿದ್ದರು ಎಂದು ಮಗಳು ಯಾರಿಗೋ ಹೇಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಾಗಿಲಲ್ಲಿ ನಿಂತು ಅದನ್ನೇ ಮಾಡಿದೆ.

ಸಂಜೆ ಸೆಟ್ ತೆರೆದರೆ ಉಸ್ತಾದರು ಮತ್ತೆ ಕರೆಯುತ್ತಿದ್ದರು. ಏನು ಹೊಡೆದರೋ ಓದಲು ಬರಲಿಲ್ಲ, ಆದರೆ ಏನು ಕೇಳುತ್ತಾರೆಂದು ಗೊತ್ತಿತ್ತು. ಚಾಚಿ ಚಿದ್ರಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಕಳಿಸಿದೆ. ಅಕ್ಷರ ಅಕ್ಷರವೂ ನಿಜ. ಅಷ್ಟು ದೊಡ್ಡ ಸುಳ್ಳನ್ನು ನಾನು ಅದಕ್ಕೆ ಮೊದಲೂ ಹೇಳಿರಲಿಲ್ಲ, ಆಮೇಲೂ ಹೇಳಿಲ್ಲ.

ಬೀದರಿನಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ. ಚಾಚಿಯ ಕಣ್ಣಲ್ಲಿ ನಾನು ಮಳೆಯಲ್ಲಿ ಓಡಿಬಂದ ಮಗ. ಟೀಚರ್ ಬಾಯಿ ಬಿಡುವವರಲ್ಲ. ಶುಕ್ರವಾರ ನೀರು ಇಳಿಯಿತು, ಭಾಲ್ಕಿಯ ಫೋನು ಇನ್ನೂ ಬಂದಿರಲಿಲ್ಲ. ಎರಡು ದಿನ ಅಂಗಡಿಯಲ್ಲಿ ಒಂದು ಮೋಟಾರೂ ಮುಗಿಸದೆ ಒಳಗೆ ಹೊರಗೆ ತಿರುಗಿದ್ದೆ. ಫೋನು ಬಂದು ಮಗಳ ಬಾಯಿಂದ ಬಸ್ಸಿನ ವಿಷಯ ಉಸ್ತಾದರಿಗೆ ತಿಳಿಯುವ ಮೊದಲು ನನ್ನ ಬಾಯಿಂದ ತಿಳಿಯಲಿ ಎಂದು ಹೊರಟೆ.

ಉಸ್ತಾದರು ಕಿಟಕಿಯ ಪಕ್ಕದ ಮೇಜಿನ ಮುಂದೆ ಇದ್ದರು. ಚಹಾ ಬೇಡವೆಂದೆ, ನಿಂತೇ ಹೇಳಿದೆ.

“ಉಸ್ತಾದ್, ಬುಧವಾರ ನಿಮ್ಮ ಸುದ್ದಿ ನನಗ ಬಂದಿದ್ದಿಲ್ಲ. ಬಂತು ಅಂತ ಸುಳ್ಳ ಹೇಳ್ದೆ.”

ಅವರು ಮೊದಲು ಚಾಚಿಯ ವಿಷಯ ಕೇಳಿದರು. ಬಸ್ಸು, ಮಳೆ, ಕಣ್ಣು, ಡಾಕ್ಟರು ಹೇಳಿದ್ದು, ಒಂದೂ ಬಿಡದೆ ಹೇಳಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿದು ಹಗುರಾಗುತ್ತಿದ್ದೆ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಸಂಕ್ರಾಂತಿಯಿಂದ ಅಂದೆ.

ಅವರು ಸೆಟ್ಟಿನ ಕೆಳಗಿನಿಂದ ತಮ್ಮ ಲಾಗ್ ಪುಸ್ತಕ ಎಳೆದರು. ಕಳಿಸಿದ ಪ್ರತಿ ಸುದ್ದಿಯನ್ನೂ, ಅದಕ್ಕೆ ಸಿಕ್ಕ ಉತ್ತರವನ್ನೂ ಬರೆದಿಡುವುದು ಅವರ ಶಿಸ್ತು. ಬುಧವಾರದ ಪುಟ ತೋರಿಸುತ್ತಾರೆ ಅಂದುಕೊಂಡೆ. ಅವರು ಹಿಂದಕ್ಕೆ ಹೋದರು. ಶಿವರಾತ್ರಿ ಹತ್ತಿರದ ಒಂದು ಭಾನುವಾರದ ಮೇಲೆ ಬೆರಳಿಟ್ಟರು. ಆಮೇಲೆ ಯುಗಾದಿ ಕಳೆದ ಒಂದು ಭಾನುವಾರ, ಆಮೇಲೆ ಮಳೆ ಸುರುವಾದಾಗಿನ ಇನ್ನೊಂದು. ಇಂಗ್ಲಿಷ್ ಅಕ್ಷರಗಳಲ್ಲಿ ಮೂರೂ ಕಡೆ ಒಂದೇ ಸುದ್ದಿ ಇತ್ತು. ನಿಧಾನವಾಗಿ ಕೂಡಿಸಿ ಓದಿದೆ.

‘ನನ್ನ ಕೈ ನಡುಗ್ತದ ಬೇಟಾ. ಓದಾಕ ಬರ್ತದೇನು? ಖರೆ ಹೇಳು.’

ಮೂರೂ ಕಡೆ ಕೆಳಗೆ ಬೀದರಿನ ಉತ್ತರ: ಬಂತು. ಐದು, ಒಂಬತ್ತು, ಒಂಬತ್ತು.

“ಮನ್ಯಾಗ ಎಲ್ಲಾರೂ ಡಾಕ್ಟರಿಗಿ ತೋರಸ್ರಿ ಅಂದ್ರು. ಬೀದರದಾಗ ಛಲೋ ಕೇಳಸ್ತದ, ಏನೂ ಆಗಿಲ್ಲ ಅಂತ ನಾ ಹೋಗ್ಲಿಲ್ಲ,” ಅಂದರು ಉಸ್ತಾದ್. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿರಲಿ ಎಂದು ಅಷ್ಟು ಬೇಡಿಕೊಂಡ ದಿನ ಇನ್ನೊಂದಿಲ್ಲ.

ಅವರು ಮಳೆ ಸುರುವಾದಾಗಿನ ಆ ಪುಟವನ್ನು ನನ್ನ ಕಡೆ ತಿರುಗಿಸಿ ಇಟ್ಟರು.

“ಈಗ ಹೇಳು. ಓದಾಕ ಎಷ್ಟು?”

ಒಂದಕ್ಕಿಂತ ಕೆಳಗೆ ಕೊಡಲು ಅಂಕಿಯಿಲ್ಲ. ಏನೇನೂ ಓದಲು ಬರುವುದಿಲ್ಲ ಎಂಬುದೇ ಅದರ ಅರ್ಥ, ಅದನ್ನು ನನಗೆ ಕಲಿಸಿದವರು ಅವರೇ.

“ಒಂದು, ಉಸ್ತಾದ್.”

ಅವರು ತಲೆಯಾಡಿಸಿ ಪೆನ್ನು ತೆಗೆದುಕೊಂಡರು. ನನ್ನ ಐದನ್ನು ಹೊಡೆದುಹಾಕಿ, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಬಿಗಿಹಿಡಿದು ಪಕ್ಕದಲ್ಲಿ ಒಂದು ಅಂತ ಬರೆಯತೊಡಗಿದರು. ಆ ಒಂದು ಗೀಟು ಎಳೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾನು ಅಲುಗಾಡದೆ ನಿಂತಿದ್ದೆ.