ಕಾಕಾರ ಮಡಿವಸ್ತ್ರ

ಪುಣೆಯ ನಮ್ಮ ಶಾಲೆಯ ಗೇಟಿನಲ್ಲಿ ಚುರಮುರಿ ಮಾರುತ್ತಿದ್ದ ಕಾಕಾ ಧಾರವಾಡದ ಕಡೆಯವರು, ಮಹಾ ಮಡಿವಂತರು. ಅವರ ಬುಟ್ಟಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ನಾವು ಬೊಗಸೆ ಒಡ್ಡಿದರೆ ಗೇಣೆತ್ತರದಿಂದ ಪ್ರಸಾದ ಬೀಳುತ್ತಿತ್ತು. ನಮ್ಮ ಎಂಜಲಿಗೆ ಇಷ್ಟು ಹೆದರುತ್ತಿದ್ದ ಆ ಕೈ ನಡುನಡುವೆ ಹೆಗಲ ಮೇಲಿನ ವಸ್ತ್ರಕ್ಕೆ ಹೋಗಿ ಬರುತ್ತಿತ್ತು. ಅದರಿಂದ ಅವರು ಕುತ್ತಿಗೆಯ ಬೆವರು, ಮೂಗು, ಎಣ್ಣೆಯ ಚಮಚ ಎಲ್ಲವನ್ನೂ ಸಮದೃಷ್ಟಿಯಿಂದ ಒರೆಸಿ, ಕೊನೆಗೆ ಅದನ್ನೇ ಬುಟ್ಟಿಗೆ ಹೊದಿಸುತ್ತಿದ್ದರು.

ಊರಲ್ಲಿ ಕಾಲರಾ ಸುದ್ದಿ ಹಬ್ಬಿದಾಗ ಮುನಸಿಪಾಲಿಟಿಯ ಆರೋಗ್ಯ ಇನ್ಸ್‌ಪೆಕ್ಟರರು ಬಂದರು. ಬೆಳಗಾವಿಯವರು. ವಸ್ತ್ರ ಕಂಡೊಡನೆ ಎರಡು ಹೆಜ್ಜೆ ಹಿಂದೆ ಸರಿದರು.

"ಇದೇನ್ರಿ ಕಾಕಾ, ಇಷ್ಟ ಕರ್ರಗ ಅದ?"

"ಕರಿ ಅನ್ನೂದು ಬಣ್ಣರಿ ಸಾಹೇಬ್ರ. ಮಡಿ ಬ್ಯಾರೆ. ದಿನಾ ಮುಂಜಾನೆ ಬಾವಿ ನೀರಾಗ ಅದ್ದಿ ಹಿಂಡ್ತೀನಿ."

"ಸಾಬಣ ಹಚ್ರಿ."

"ಅದರಾಗ ಕೊಬ್ಬ ಇರ್ತದಂತರಿ. ರಾಮ ರಾಮ!"

"ಅಗಸಗಾದ್ರೂ ಕೊಡ್ರಿ."

"ಅಗಸ ಮುಟ್ಟಿದ್ದು ಮಡಿ ಹೆಂಗ ಆದೀತ್ರಿ?"

"ಹಂಗಾದ್ರ ನಾಳಿಂದ ಈ ಗೇಟಿಗೆ ಬರಬ್ಯಾಡ್ರಿ."

ಕಾಕಾರ ಮುಖ ಇಳಿಯಿತು. ಅವರ ಮನೆಯ ಒಲೆ ಉರಿಯುತ್ತಿದ್ದುದೇ ಈ ಗೇಟಿನ ದಯೆಯಿಂದ. ಆದರೂ ವಸ್ತ್ರವನ್ನು ಎದೆಗೆ ಅವಚಿಕೊಂಡು ನಿಂತರು. ಬೊಗಸೆ ಒಡ್ಡಿದ್ದ ನಾವೂ ಧರ್ಮಸಂಕಟದಲ್ಲಿ ಹಾಗೆಯೇ ನಿಂತೆವು.

ಇನ್ಸ್‌ಪೆಕ್ಟರರು ಮಡಿಯ ಮನೆಯಲ್ಲೇ ಬೆಳೆದವರಿರಬೇಕು. ಕ್ಷಣ ಯೋಚಿಸಿ, ಮುಂದೆ ಬಂದು, ಕೈಗಡಿಯಾರದ ಚರ್ಮದ ಪಟ್ಟಿಯನ್ನು ಆ ವಸ್ತ್ರಕ್ಕೆ ಮೆಲ್ಲಗೆ ಸೋಕಿಸಿದರು.

"ಅಯ್ಯಯ್ಯೋ! ಚರ್ಮ ಮುಟ್ಟಿಸಿ ಮೈಲಿಗಿ ಮಾಡಿದ್ರಲ್ರಿ!"

"ಹೌದ್ರಿ, ಕೆಟ್ಟೇ ಹೋತು. ಇನ್ನ ಅಗಸಗ ಕೊಟ್ರ ಹೆಚ್ಚಿಂದೇನ ಕೆಡ್ತದ? ಭಟ್ಟಿಗೆ ಹಾಕಿ ಕುದಸ್ಲಿ, ಆಮ್ಯಾಲೆ ಮನ್ಯಾಗ ನೀರಿಗೆ ಅದ್ದಿ ಹಿಂಡ್ರಿ. ಮತ್ತ ಮಡಿ ಆತಲ್ಲ? ಮೂಗಿಗೆ ಮಾತ್ರ ಬ್ಯಾರೆ ಅರಿವಿ ಇಟ್ಕೋರಿ."

ಕಾಕಾ ಬಹಳ ಹೊತ್ತು ತಮಗೆ ತಿಳಿದ ಶಾಸ್ತ್ರವನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದರು. ಅಡ್ಡಿ ಸಿಗಲಿಲ್ಲ.

ಭಟ್ಟಿಯಿಂದ ಬಂದ ವಸ್ತ್ರಕ್ಕೆ ಕೆಂಪು ಅಂಚಿದೆ ಎಂಬುದು ನಮಗೂ ಕಾಕಾರಿಗೂ ಒಟ್ಟಿಗೇ ತಿಳಿಯಿತು. ಗೇಟಿನ ಜಾಗ ಉಳಿಯಿತು. ಚುರಮುರಿಯ ಹಳೆಯ ರುಚಿ ಉಳಿಯಲಿಲ್ಲ. ಅದರಲ್ಲಿ ಏನು ಕಡಿಮೆಯಾಗಿದೆ ಎಂದು ನಾವು ಹೆಚ್ಚು ವಿಚಾರಿಸಲಿಲ್ಲ.

ಅಂದಿನಿಂದ ಇನ್ಸ್‌ಪೆಕ್ಟರರು ವಾರಕ್ಕೊಮ್ಮೆ ಬಂದು ವಿಧಿಪೂರ್ವಕವಾಗಿ ಮೈಲಿಗೆ ಮಾಡಿ ಹೋಗುವರು. ಕಾಕಾ ವಿಧಿಪೂರ್ವಕವಾಗಿ "ಅಯ್ಯಯ್ಯೋ" ಎನ್ನುವರು. ಒಂದು ವಾರ ಸಾಹೇಬರು ಯಾವುದೋ ಅವಸರದಲ್ಲಿ ಹಾಗೇ ಹೊರಟುಬಿಟ್ಟರು. ಕಾಕಾ ಹೆಗಲು ಮುಂದೆ ಒಡ್ಡಿಕೊಂಡು ಅವರ ಹಿಂದೆ ಓಡಿದರು.

"ಸಾಹೇಬ್ರ, ಮುಟ್ಟೂದು ಮರ್ತ್ರಲ್ರಿ!"