ಕರಿಬೇವಿನ ಕುಂಡದಲ್ಲಿ ಸಿಕ್ಕ ಚಿಪ್ಪು

2021ರ ಅಕ್ಟೋಬರ್ ಕೊನೆಯ ವಾರ, ಅಮೆರಿಕದ ಸೆಂಟರ್‌ವಿಲ್‌ನ, ಗೋಡೆಗೆ ಗೋಡೆ ತಾಗಿದ ಒಂದು ಟೌನ್‌ಹೌಸ್‌ನಲ್ಲಿ, ಚಳಿಗೆ ಹೆದರಿ ಹಿಂದಿನ ಮರದ ಡೆಕ್‌ನಿಂದ ಒಳಗೆ ತಂದ ಕರಿಬೇವಿನ ಕುಂಡದ ಮಣ್ಣಿನಲ್ಲಿ ಮೊಟ್ಟೆಯ ಚಿಪ್ಪು ಸಿಕ್ಕಿತು. ಅದೇ ಸಂಜೆ, ಆ ಮನೆಯ ಬೇಸ್‌ಮೆಂಟ್‌ನಲ್ಲಿ ಬಾಡಿಗೆಗಿದ್ದ ನನಗೆ ಮನೆ ಖಾಲಿ ಮಾಡಲು ಹೇಳಿದರು.

ಮನೆಯೊಡತಿ ಮೈಸೂರಿನವರು. ಊರಿನ ಕನ್ನಡದವರೆಲ್ಲ ಅವರನ್ನು ಆಂಟಿ ಎಂದೇ ಕರೆಯುತ್ತಿದ್ದರು. ಮೊಟ್ಟೆ ಅವರ ಹೊಸ್ತಿಲು ದಾಟುವಂತಿರಲಿಲ್ಲ. ಆ ಷರತ್ತಿಗೆ ಒಪ್ಪಿಯೇ ನಾನು ಬಂದಿದ್ದೆ. ಒಪ್ಪುವುದು ಕಷ್ಟವೂ ಆಗಿರಲಿಲ್ಲ, ಕೇಕ್ ಬಿಟ್ಟರೆ ನಾನು ಮೊಟ್ಟೆ ತಿಂದವಳಲ್ಲ. ಆದರೆ ಬೇಸಿಗೆಯಿಡೀ ಆ ಗಿಡಕ್ಕೆ ನೀರು ಹಾಕುತ್ತಿದ್ದವಳು ನಾನೇ. ಅದರ ಸೊಪ್ಪು ಅವರ ಮನೆಯ ದೇವರ ನೈವೇದ್ಯಕ್ಕೆ ಹೋಗುತ್ತಿತ್ತು. ಉಳಿದದ್ದು ಜಿಪ್‌ಲಾಕ್ ಚೀಲಗಳಲ್ಲಿ ಸುತ್ತಮುತ್ತಲ ಕನ್ನಡ ಮನೆಗಳ ಫ್ರೀಜರ್ ಸೇರುತ್ತಿತ್ತು.

“ಅಳಿಲು ತಂದು ಹೂತಿರಬಹುದು ಆಂಟಿ,” ಎಂದೆ.

“ಅಳಿಲು ಆಮ್ಲೆಟ್ ಮಾಡ್ಕೊಂಡು ತಿಂತಾ? ಚಿಪ್ಪು ನೋಡು, ಕೈಯಲ್ಲಿ ಪುಡಿ ಮಾಡಿರೋದು!”

ಅವರ ಗಂಡ, ಅಂಕಲ್, ಸೋಫಾದಲ್ಲಿ ಕೂತು ಫೋನ್ ನೋಡುತ್ತಿದ್ದರು. ತಲೆ ಎತ್ತಲಿಲ್ಲ.

ನಾನು ಕಾರಿಗೆ ಪೆಟ್ಟಿಗೆ ತುಂಬುತ್ತಿದ್ದಾಗ ಪಕ್ಕದ ಮನೆಯ ಫಿಲಿಪೀನ್ಸ್ ಮೂಲದ ಹೆಂಗಸು ಹೊರಗೆ ಬಂದರು. ಶಾಲಾ ಬಸ್ ಓಡಿಸುವವರು, ವಯಸ್ಸಿನಲ್ಲಿ ನನ್ನ ಅಕ್ಕನಷ್ಟು. ಏನಾಯಿತೆಂದು ಕೇಳಿದರು, ಹೇಳಿದೆ. ಮಹಡಿಯ ಕೋಣೆ ಖಾಲಿಯಿದೆ ಎಂದರು. ಹೀಗೆ ನಾನು ಒಂದು ಗೋಡೆ ಆಚೆಗೆ ಹೋದೆ, ಅವರನ್ನು ಅಕ್ಕ ಎಂದು ಕರೆಯತೊಡಗಿದೆ.

ಆಂಟಿ ಕುಂಡದ ಮಣ್ಣು ಬದಲಿಸಿ ಗಿಡವನ್ನು ಉಳಿಸಿಕೊಂಡರು. ಅಷ್ಟರಲ್ಲಿ ಮೊಟ್ಟೆ ಮಾಂಸವಾಗಿತ್ತು. ನಾನು ಬೇಸ್‌ಮೆಂಟ್‌ನಲ್ಲಿ ಕದ್ದು ಕೋಳಿ ಬೇಯಿಸುತ್ತಿದ್ದೆ ಎಂದು ಆಂಟಿ ಎಲ್ಲರಿಗೂ ಹೇಳಿದ್ದರು. ನಾನು ನಡೆಸುತ್ತಿದ್ದ ಭಾನುವಾರದ ಕನ್ನಡ ತರಗತಿಗೆ ಬೇರೆ ಟೀಚರ್ ಬಂದರು. ಕೋಳಿ ಬೇಯಿಸುವುದು ತಪ್ಪೆಂದು ನಾನು ಯಾವತ್ತೂ ಅಂದುಕೊಂಡವಳಲ್ಲ. ಕೊಟ್ಟ ಮಾತು ಮುರಿದವಳು ಅನ್ನಿಸಿಕೊಂಡದ್ದು ಮಾತ್ರ ಸಹಿಸಲಾಗಲಿಲ್ಲ. ಆ ಮಾತನ್ನು ಹುಟ್ಟಿಸಿದ ಬಾಯಿಯೇ ಅದನ್ನು ಹಿಂತೆಗೆದುಕೊಳ್ಳಬೇಕಿತ್ತು. ನನಗೆ ಸೇಡು ಬೇಕಿತ್ತು. ಮಾಡದ ಕೆಲಸಕ್ಕೆ ಶಿಕ್ಷೆಯಾಗಿದೆ, ಇನ್ನು ಆ ಕೆಲಸವನ್ನು ಚೆನ್ನಾಗಿಯೇ ಕಲಿಯೋಣ ಎಂದುಕೊಂಡೆ.

ಕಲಿಸಿದವರು ಅಕ್ಕ. ಶನಿವಾರ ಬೆಳಿಗ್ಗೆ ಅವರ ಮನೆಯ ತಿಂಡಿ ಟೊಮೆಟೊ-ಮೊಟ್ಟೆ: ಬೆಳ್ಳುಳ್ಳಿ ಜಜ್ಜಿ ಎಣ್ಣೆಗೆ ಹಾಕಿ, ಈರುಳ್ಳಿ ಬಾಡಿಸಿ, ಹಣ್ಣಾದ ಟೊಮೆಟೊ ಹಾಕಿ ಮುಚ್ಚುವುದು. ಟೊಮೆಟೊ ಸಿಪ್ಪೆ ಬಿಟ್ಟು, ರಸ ಗಟ್ಟಿಯಾಗಿ, ಅಂಚಿನಲ್ಲಿ ಎಣ್ಣೆ ಕಾಣಿಸಿದ ಮೇಲೆ ಮೊಟ್ಟೆ. ಅವರ ಊರಿನಲ್ಲಿ ಉಪ್ಪಿನ ಜಾಗಕ್ಕೆ ಮೀನಿನ ಸಾಸ್ ಹಾಕುತ್ತಾರೆ. ನನಗಾಗಿ ಅದನ್ನು ಬಿಟ್ಟು ಉಪ್ಪೇ ಹಾಕಿದರು. ಮೊಟ್ಟೆ ಸುರಿದ ತಕ್ಷಣ ನಾನು ಸೌಟು ಹಾಕಿದಾಗ ಕೈಮೇಲೆ ಹೊಡೆದರು.

“ತಳ ಹಿಡಿಯಲಿ ಬಿಡು. ಆಮೇಲೆ ಮಡಚು. ಯಾಕಿಷ್ಟು ಅವಸರ, ಬಸ್ ತಪ್ಪುತ್ತಾ?”

ಬಿಸಿ ಅನ್ನದ ಮೇಲೆ ಅದನ್ನು ಹಾಕಿಕೊಂಡು ತಿಂದೆ. ನಮ್ಮ ಟೊಮೆಟೊ ಗೊಜ್ಜಿನ ಹತ್ತಿರದ ನೆಂಟನಂತಿತ್ತು.

ಶನಿವಾರ ಆಂಟಿಯ ಮನೆಯಲ್ಲಿ ಭಜನೆ. ನಾನು ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದೇ ಒಲೆ ಹಚ್ಚುತ್ತಿದ್ದೆ. ಚಳಿಗಾಲದಲ್ಲೂ. ಅಕ್ಕ ಜಾಕೆಟ್ ಹಾಕಿಕೊಂಡು ತಿನ್ನುತ್ತಿದ್ದರು.

ಫೆಬ್ರವರಿಯ ಒಂದು ಶನಿವಾರ ಅಂಕಲ್ ಕಸದ ಡಬ್ಬಿ ಇಡುವ ನೆಪದಲ್ಲಿ ನಮ್ಮ ಹಿಂಬಾಗಿಲಿಗೆ ಬಂದರು.

“ಏನಮ್ಮಾ, ಗೊಜ್ಜಾ?”

“ಮೊಟ್ಟೆ ಇದೆ ಅಂಕಲ್.”

ಅವರು ಒಮ್ಮೆ ತಮ್ಮ ಮನೆಯ ಕಡೆ ತಿರುಗಿ ನೋಡಿದರು. “ಒಂಚೂರು ಕೊಡು.”

ಮೆಟ್ಟಿಲ ಮೇಲೆ ನಿಂತೇ ತಿಂದರು. ತಟ್ಟೆ ವಾಪಸು ಕೊಡುವಾಗ ಸಿಂಕ್‌ನ ಪಕ್ಕದಲ್ಲಿದ್ದ ಚಿಪ್ಪುಗಳು ಅವರ ಕಣ್ಣಿಗೆ ಬಿದ್ದವು.

“ಬಿಸಾಕ್ಬೇಡಮ್ಮ ಅದನ್ನ. ತೊಳೆದು, ಪುಡಿ ಮಾಡಿ ಕರಿಬೇವಿನ ಬುಡಕ್ಕೆ ಹಾಕು. ನಮ್ಮ ಗಿಡ ನೋಡಿದ್ಯಲ್ಲ, ಹೆಂಗೆ ಬಂದಿದೆ!”

ಹೇಳಿ ಮುಗಿಸಿದ ಮೇಲೆ ಅವರಿಗೆ ತಾನು ಹೇಳಿದ್ದೇನೆಂದು ಗೊತ್ತಾಯಿತು. ನಾನು ಹಿಂದೆ ಪತ್ರಿಕೆಯೊಂದರ ವರದಿಗಾರ್ತಿಯಾಗಿದ್ದೆ. ಇಂಥ ಹೊತ್ತಿನಲ್ಲಿ ಮಧ್ಯೆ ಬಾಯಿ ಹಾಕಬಾರದು ಎಂದು ಅಲ್ಲಿ ಕಲಿತಿದ್ದೆ. ತಟ್ಟೆಯನ್ನು ಸಿಂಕ್‌ನಲ್ಲಿಟ್ಟೆ.

“ಆಫೀಸಿಂದ ಬರ್ತಾ ಕಾರಲ್ಲೇ ಬೇಯ್ಸಿದ ಮೊಟ್ಟೆ ತಿಂತಿದ್ದೆ,” ಎಂದರು. “ಚಿಪ್ಪು ಮನೆ ಕಸಕ್ಕೆ ಹಾಕಕ್ಕಾಗಲ್ವಲ್ಲ. ಗಿಡಕ್ಕೆ ಒಳ್ಳೇದು ಅಂತ... ಅವಳಿಗೆ ಹೇಳ್ಬೇಡಮ್ಮ.”

“ನಾನು ಹೇಳಲ್ಲ ಅಂಕಲ್. ನೀವೇ ಹೇಳ್ತೀರಿ. ಎಲ್ಲರ ಮುಂದೆ.”

ಮುಂದಿನ ಶನಿವಾರ ಅವರು ಮತ್ತೆ ಬಂದರು. “ಹೇಳಿದ್ರಾ?” ಎಂದೆ. “ಟೈಮ್ ನೋಡ್ತಿದೀನಿ,” ಎಂದರು. ನಾನು ಅವರೆದುರೇ ಬಾಣಲೆಯಿಂದ ಬಡಿಸಿಕೊಂಡು ತಿಂದೆ, ಅವರಿಗೆ ಕೊಡಲಿಲ್ಲ. ಅದರ ಮುಂದಿನ ವಾರವೂ ಹಾಗೆಯೇ. ಆ ವಾರ ಬೆಳ್ಳುಳ್ಳಿ ಜಾಸ್ತಿ ಹಾಕಿದ್ದೆ.

“ಪಾಪ, ವಯಸ್ಸಾದವರು,” ಎಂದರು ಅಕ್ಕ.

“ನಾನು ಪೆಟ್ಟಿಗೆ ಕಾರಿಗೆ ಹೊರುವಾಗಲೂ ಅವರಿಗೆ ಇಷ್ಟೇ ವಯಸ್ಸಾಗಿತ್ತು,” ಎಂದೆ.

ಎಲ್ಲರೂ ಒಂದೊಂದು ಅಡುಗೆ ತರುವ ಯುಗಾದಿಯ ಪಾಟ್‌ಲಕ್‌ಗೆ ನಾನು ಕರೆಯಿಲ್ಲದೆ ಹೋದೆ. ಆಂಟಿಯ ಪುಳಿಯೋಗರೆಯ ಮುಂದೆ ಸಾಲು ನಿಂತಿತ್ತು. ಆಂಟಿ ನನ್ನನ್ನು ಕಂಡವರೇ, ಎಲ್ಲರಿಗೂ ಕೇಳುವಂತೆ, “ಏನು ತಂದಿದ್ದೀಯಮ್ಮ, ಕೋಳೀನಾ?” ಎಂದರು. ಒಂದಿಬ್ಬರು ನಕ್ಕರು.

ನಾನು ಅಂಕಲ್ ಕಡೆ ನೋಡಿದೆ. ಅವರು ತಟ್ಟೆ ಕೆಳಗಿಟ್ಟರು.

“ಆ ಚಿಪ್ಪು ನಂದು ಕಣೇ,” ಎಂದರು. “ಎರಡು ವರ್ಷದಿಂದ ಹಾಕ್ತಿದೀನಿ.”

ಒಬ್ಬಾಕೆ ತನ್ನ ತಟ್ಟೆಯ ಪುಳಿಯೋಗರೆಯಿಂದ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಆರಿಸಿ ಅಂಚಿಗಿಟ್ಟಳು. ಇನ್ನೊಬ್ಬಳು, “ನಮ್ಮ ಫ್ರೀಜರ್‌ನಲ್ಲಿ ಎರಡು ಪ್ಯಾಕೆಟ್ ಇದೆಯಲ್ರೀ,” ಎಂದು ಗಂಡನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಆಂಟಿ ನನ್ನತ್ತ ನೋಡಲಿಲ್ಲ. ಪಾತ್ರೆಗೆ ಮುಚ್ಚಳ ಹಾಕಿ ಕಾರಿನತ್ತ ನಡೆದರು. ನಾನು ಸಾಲಿನಲ್ಲಿ ಮುಂದೆ ಹೋಗಿ ಕೋಸಂಬರಿ ಬಡಿಸಿಕೊಂಡೆ. ಆ ದಿನ ತಿಂದಷ್ಟು ರುಚಿಯಾಗಿ ನಾನು ಕೋಸಂಬರಿ ತಿಂದಿಲ್ಲ.

ಮರುದಿನ ಕರಿಬೇವಿನ ಕುಂಡ ಅವರ ಮನೆಯ ಮುಂದೆ ಕಸದ ಡಬ್ಬಿಯ ಪಕ್ಕದಲ್ಲಿತ್ತು. ನಾನು ಅದನ್ನು ಎತ್ತಿ ತಂದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿಟ್ಟೆ, ಅವರ ಡೆಕ್‌ಗೆ ಕಾಣುವ ಹಾಗೆ. ಶನಿವಾರದ ಚಿಪ್ಪುಗಳೆಲ್ಲ ಅದಕ್ಕೇ ಹೋಗುತ್ತವೆ. ಮೇ ತಿಂಗಳಲ್ಲಿ ಕನ್ನಡ ತರಗತಿಯವರು ನನ್ನನ್ನು ಮತ್ತೆ ಕರೆದರು. ಕೋಳಿಯ ಮಾತನ್ನು ಮಾತ್ರ ಆಂಟಿ ಹಿಂತೆಗೆದುಕೊಳ್ಳಲಿಲ್ಲ.

ಗಿಡ ಈಗ ನನ್ನ ಭುಜದೆತ್ತರ. ಕಳೆದ ವಾರ ಅಂಕಲ್ ಟೊಮೆಟೊ-ಮೊಟ್ಟೆ ತಿಂದು, ಕೈ ತೊಳೆದು, ಬಾಗಿಲಲ್ಲಿ ತಡೆದು ನಿಂತರು.

“ಅವಳಿಗೆ ಸಾರಿಗೆ ಒಂದೆಸಳು ಕರಿಬೇವು ಬೇಕಂತೆ. ಅಂಗಡೀದು ಘಮ ಇಲ್ವಂತೆ.”

“ಕೊಡ್ತೀನಿ ಅಂಕಲ್. ಅವರೇ ಬಂದು ಕೇಳ್ಲಿ.”

ಇದನ್ನು ಬರೆಯುವ ಹೊತ್ತಿಗೆ ಆಂಟಿ ಬಂದಿಲ್ಲ.