ಮೊದಲ ಕುಂಕುಮ ಯಾರದು

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನ್ನ ಮೊಮ್ಮಗಳು ವಿಜ್ಞಾನಿ! ಹೀಗೆ ಬರೆಯುವಾಗಲೂ ಎದೆ ಉಬ್ಬುತ್ತದೆ. ರಾಜಗೋಪಾಲನಗರದ ನಮ್ಮ ಬೀದಿಗೆ ಬರುವ ಸೊಪ್ಪಿನವಳಿಗೂ ಹೇಳಿದ್ದೇನೆ.

ಪೀಣ್ಯದಲ್ಲಿ ನನ್ನ ಮಗನದೊಂದು ಲೇತ್ ಶೆಡ್ಡಿದೆ. ಆಯುಧಪೂಜೆಯ ದಿನ ಮೆಷಿನ್ನಿಗೆ ಮೊದಲ ಕುಂಕುಮ ಇಡುತ್ತಿದ್ದವಳು ಈ ಮೊಮ್ಮಗಳೇ. ಹೈಸ್ಕೂಲಿನಲ್ಲಿದ್ದಾಗ ಅವಳ ಶಾಲೆಗೆ ದೊಡ್ಡ ವಿಜ್ಞಾನಿಯೊಬ್ಬರು ಬಂದು, ಪರೀಕ್ಷೆ ಮಾಡದೆ ಯಾವುದನ್ನೂ ನಂಬಬೇಡಿ, ದೇವರನ್ನೂ ನಂಬಬೇಡಿ ಎಂದರಂತೆ. ಆ ವರ್ಷ ಅವಳು ಕುಂಕುಮದ ಬಟ್ಟಲು ಮುಟ್ಟಲಿಲ್ಲ. ಮಗ ಹೊಡೆಯಲು ಕೈಯೆತ್ತಿದ. ನಾನೇ ಅಡ್ಡ ನಿಂತೆ.

"ಅಷ್ಟು ದೊಡ್ಡೋರು ಸುಳ್ಳು ಯೋಳ್ತಾರೇನೋ? ಬುಡು ಮಗೀನ."

ಅಂದಿನಿಂದ ಪ್ರತಿ ವರ್ಷವೂ ನಾನೇ ಕುಂಕುಮವಿಟ್ಟೆ.

ಈ ಸಲ ಹಬ್ಬದ ಹಿಂದಿನ ದಿನ ಟಿವಿಯಲ್ಲಿ ಅದೇ ಮನುಷ್ಯ! ಈಗ ಮೊಮ್ಮಗಳು ಕೆಲಸ ಮಾಡುವ ದೊಡ್ಡ ಸಂಸ್ಥೆಗೇ ಮುಖ್ಯಸ್ಥರು. ಹಾರಿಸಬೇಕಾದ ರಾಕೆಟ್ಟಿನ ಪುಟ್ಟ ಮಾದರಿಯನ್ನು ದೇವರ ಪಾದದ ಬಳಿ ಇಟ್ಟು ಕೈಮುಗಿದಿದ್ದರು. ನನಗೆ ಹಿಗ್ಗೋ ಹಿಗ್ಗು. ತಂಗಿಗೂ ಬೀಗಿತ್ತಿಗೂ ಫೋನು ಮಾಡಿ, ನಾಳೆ ಮೊಮ್ಮಗಳೇ ಕುಂಕುಮ ಇಡುತ್ತಾಳೆ, ಬನ್ನಿ ಎಂದು ಕರೆದೂಬಿಟ್ಟೆ.

ಸಂಜೆ ಅವಳು ಕೆಲಸದಿಂದ ಬಂದಳು. "ನೋಡೇ, ನಿಮ್ ಸಾಹೇಬ್ರೂ ನಮ್ಮಂಗೇ!" ಎಂದೆ. ಅವಳ ಮುಖ ಸಪ್ಪಗಾಯಿತು.

"ಮನೇಲಿ ಪೂಜೆ ಮಾಡ್ಕೊಳ್ಲಿ ಅಜ್ಜಿ, ನಂಗೇನು? ಎಲ್ರ ಕೆಲ್ಸಾನೂ ಎತ್ಕೊಂಡೋಗಿ ಕ್ಯಾಮೆರಾ ಮುಂದೆ ದೇವ್ರ ಪಾದದ ಹತ್ರ ಇಟ್ರಲ್ಲ. ನಮ್ ಲ್ಯಾಬಲ್ಲಿ ಅರ್ಧ ಜನಕ್ಕೆ ಸಿಟ್ಟು. ಕ್ಯಾಂಟೀನಲ್ಲಿ ಆಡ್ಕೊಂಡು ನಗ್ತಾರೆ, ಎದುರಿಗೆ ಬಾಯಿ ಬಿಡಲ್ಲ."

"ನೀನು?"

"ನಾನೂ ಬಾಯಿ ಬಿಡ್ಲಿಲ್ಲ."

"ಅಂಗಾದ್ರೆ ನಾಳೆ ಕುಂಕುಮ..."

"ಅವ್ರು ಬದಲಾದ್ರು ಅಂತ ನಾನೂ ಬದಲಾಗ್ಲಾ?"

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಆ ಮನುಷ್ಯನ ಮೇಲೆ ಬಂತು. ಅವರ ಮಾತು ನಂಬಿ ಮಗನನ್ನು ಎದುರು ಹಾಕಿಕೊಂಡವಳು ನಾನು. ಅವರು ದೇವರನ್ನು ಬಿಟ್ಟೇ ಇರಲಿಲ್ಲವೋ, ಬಿಟ್ಟು ಮತ್ತೆ ಹಿಡಿದರೋ, ನಮಗೊಂದು ಮಾತು ಹೇಳಬೇಡವೇ?

ಮರುದಿನ ನೆಂಟರೆಲ್ಲ ಶೆಡ್ಡಿನಲ್ಲಿ ನಿಂತಿದ್ದರು. ಮೊಮ್ಮಗಳೂ ಬಂದಳು! ಅಂಗಿಯ ತೋಳು ಮಡಿಸಿ, ಹಳೇ ಬನಿಯನ್ ಬಟ್ಟೆಯಿಂದ ಲೇತಿನ ಕಬ್ಬಿಣದ ಚೂರೆಲ್ಲ ಒರೆಸಿ, ಎಣ್ಣೆ ಬಿಟ್ಟಳು. ಬೀಗಿತ್ತಿ ಕುಂಕುಮದ ಬಟ್ಟಲನ್ನು ಅವಳತ್ತ ಚಾಚಿದರು.

"ಇತ್ಲಾಗ್ ಕೊಡಿ, ಅವಳ್ ಕೈಯೆಲ್ಲ ಎಣ್ಣೆ ಆಗೈತೆ" ಎಂದು ನಾನೇ ಇಸಿದುಕೊಂಡೆ.